ಉಲ್ಟಾ ಬರೆದ ಮೂರು

ಮೈಸೂರಿನ ಕುವೆಂಪುನಗರದಲ್ಲಿ ಯು.ಕೆ.ಜಿ.ಗೆ ಹೋಗುವ ಮಗುವಿರುವ ಯಾವ ಮನೆಗಾದರೂ ಹೋಗಿ, ಬ್ಯಾಗಿನಿಂದ ಚೌಕದ ಪುಸ್ತಕ ತೆಗೆದು ನೋಡಿ. ಒಂದರಿಂದ ಹತ್ತರವರೆಗೆ ಬರೆದ ಸಾಲುಗಳಲ್ಲಿ ಎಲ್ಲೋ ಒಂದು 3 ತಿರುಗಿ ನಿಂತಿರುತ್ತದೆ. ಎಡಕ್ಕೆ ತೆರೆದಿರಬೇಕಾದ ಅದರ ಬಾಯಿ ಬಲಕ್ಕೆ ತೆರೆದಿರುತ್ತದೆ. ಅದರಾಚೆಗೆ ಒಂದು 7 ಕೂಡ ಹಾಗೇ ತಿರುಗಿರುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಜೆ ಅಕ್ಷರದ ಕೊಕ್ಕೆ ಆ ಕಡೆಗೆ ಹೋಗಿರುತ್ತದೆ. ಕೆಲವು ಮಕ್ಕಳಂತೂ ತಮ್ಮ ಹೆಸರನ್ನೇ ಬಲದಿಂದ ಎಡಕ್ಕೆ, ಕನ್ನಡಿಗೆ ಹಿಡಿದರೆ ಮಾತ್ರ ಓದಲು ಬರುವ ಹಾಗೆ, ಒಂದಕ್ಷರ ಬಿಡದೆ ಬರೆದಿರುತ್ತವೆ.

“ಯಾಕೆ ಪುಟ್ಟಿ, ಮೂರನ್ನ ಉಲ್ಟಾ ಬರ್ದಿದೀಯ?” ಎಂದು ಅಮ್ಮ ಕೇಳುತ್ತಾರೆ. ಮಗು ಪುಸ್ತಕ ನೋಡುತ್ತದೆ, ಅಮ್ಮನ ಮುಖ ನೋಡುತ್ತದೆ. “ಇದೂ ಮೂರೇ ಅಲ್ವಾ?”

ಈ ಉತ್ತರವನ್ನು ತಳ್ಳಿಹಾಕಬೇಡಿ. ಮಗು ಉಡಾಫೆ ಮಾಡುತ್ತಿಲ್ಲ, ಅದಕ್ಕೆ ಕಾಣುತ್ತಿರುವುದನ್ನೇ ಹೇಳುತ್ತಿದೆ. ಅಮ್ಮನ ಎದೆಯಲ್ಲಿ ಮಾತ್ರ ಆಗಲೇ ಒಂದು ಹೆದರಿಕೆ ಹುಟ್ಟಿರುತ್ತದೆ. ‘ತಾರೇ ಜಮೀನ್ ಪರ್’ ಸಿನಿಮಾ 2007ರಲ್ಲಿ ಬಂದಮೇಲೆ ಉಲ್ಟಾ ಅಕ್ಷರ ಎಂದರೆ ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಡಕು, ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಆ ಸಿನಿಮಾ ಎಷ್ಟೋ ಮಕ್ಕಳನ್ನು ‘ದಡ್ಡ’ ಎಂಬ ಮಾತಿನಿಂದ ಕಾಪಾಡಿತು, ಅದಕ್ಕೆ ನಾವು ಋಣಿಗಳಾಗಿರಬೇಕು. ಆದರೆ ನಾಲ್ಕೂವರೆ ವರ್ಷದ ಮಗುವಿನ ತಿರುಗಿದ 3 ಬೇರೆಯದೇ ಕತೆ.

ಈ 3ರಲ್ಲಿ ಒಂದು ಒಗಟಿದೆ. ಮಗು ಇದನ್ನು ಎಲ್ಲಿ ನೋಡಿ ಕಲಿಯಿತು? ಗೋಡೆಯ ಕ್ಯಾಲೆಂಡರಿನಲ್ಲಿ, ಸಿಟಿ ಬಸ್ಸಿನ ನೆತ್ತಿಯಲ್ಲಿ, ಅಪ್ಪನ ಮೊಬೈಲಿನಲ್ಲಿ, ಮಿಸ್ ಬೋರ್ಡಿನ ಮೇಲೆ ಬರೆದದ್ದರಲ್ಲಿ, ಎಲ್ಲ ಕಡೆಯೂ 3 ನೆಟ್ಟಗೇ ಇದೆ. ತಿರುಗಿದ 3ನ್ನು ಯಾರೂ ಅದಕ್ಕೆ ತೋರಿಸಿಲ್ಲ. ಕಾಣದೇ ಇರುವುದನ್ನು ಅದು ಇಷ್ಟು ಸಲೀಸಾಗಿ ಬರೆದದ್ದು ಹೇಗೆ? ನೀವೊಮ್ಮೆ ನಿಮ್ಮ ಹೆಸರನ್ನು ಹಾಗೆ ಬರೆಯಲು ಕೂತು ನೋಡಿ. ಎರಡನೆಯ ಅಕ್ಷರಕ್ಕೇ ಪೆನ್ನು ತಡವರಿಸುತ್ತದೆ.

ಇನ್ನೊಂದು ಸುಳಿವೂ ಇದೆ. ಮಕ್ಕಳು ಎಡಬಲ ತಿರುಗಿಸಿದಷ್ಟು ಮೇಲುಕೆಳಗು ತಿರುಗಿಸುವುದಿಲ್ಲ. 7ನ್ನು ಕನ್ನಡಿಯಲ್ಲಿ ಕಂಡಂತೆ ಬರೆಯುವ ಮಗು ಅದನ್ನು ತಲೆಕೆಳಗಾಗಿ ಬರೆಯುವುದು ಬಲು ಅಪರೂಪ. ಗಮನವಿಲ್ಲದ ಕೈಯ ತಪ್ಪಾಗಿದ್ದರೆ ಎಲ್ಲ ದಿಕ್ಕಿನಲ್ಲೂ ಆಗಬೇಕಿತ್ತು. ಒಂದೇ ದಿಕ್ಕಿನಲ್ಲಿ ಆಗುತ್ತಿದೆ ಎಂದರೆ ಒಳಗೆ ಯಾವುದೋ ನಿಯಮ ಕೆಲಸ ಮಾಡುತ್ತಿದೆ. ಇಂಗ್ಲಿಷಿನಲ್ಲಿ ಮಿರರ್ ರೈಟಿಂಗ್ ಎನ್ನುವ ಇದನ್ನು ಇನ್ನು ಮುಂದೆ ಕನ್ನಡಿಬರಹ ಎಂದೇ ಕರೆಯೋಣ.

ಯಾವ ಕಡೆ ತಿರುಗಿದರೂ ಹಸುವೇ

ಕುವೆಂಪುನಗರದ ಕಾಂಪ್ಲೆಕ್ಸ್ ಹತ್ತಿರ ರಸ್ತೆ ಬದಿಯಲ್ಲಿ ಒಂದು ಹಸು ನಿಂತಿದೆ ಎನ್ನೋಣ. ಮಗು ಹೋಗುವಾಗ ಅದರ ಮುಖ ಎಡಕ್ಕಿತ್ತು, ಬರುವಾಗ ಬಲಕ್ಕಿದೆ. ಇದು ಬೇರೆ ಪ್ರಾಣಿ ಎಂದು ಯಾವ ಮಗುವೂ ಹೇಳುವುದಿಲ್ಲ. ಅಡುಗೆಮನೆಯ ಲೋಟದ ಹಿಡಿ ಎಡಕ್ಕಿದ್ದರೂ ಲೋಟ, ಬಲಕ್ಕಿದ್ದರೂ ಲೋಟ. ಅಜ್ಜಿಯ ಮುಖವನ್ನು ಯಾವ ಮಗ್ಗುಲಿಂದ ನೋಡಿದರೂ ಅಜ್ಜಿಯೇ. ಹುಟ್ಟಿದಾಗಿನಿಂದ ಮಗು ಕಂಡ ಲೋಕದಲ್ಲಿ ಎಡಬಲ ಬದಲಾದರೆ ವಸ್ತು ಬದಲಾಗುವುದಿಲ್ಲ.

ಮಿದುಳು ಈ ಪಾಠವನ್ನು ಮಗು ಹುಟ್ಟುವ ಮೊದಲೇ, ಲಕ್ಷಾಂತರ ವರ್ಷಗಳಲ್ಲಿ ಕಲಿತಿಟ್ಟುಕೊಂಡಿದೆ. ಪೊದೆಯ ಎಡದಿಂದ ಕಂಡ ಹುಲಿಯನ್ನು ಬಲದಿಂದ ಕಂಡಾಗ ಗುರುತಿಸದ ಪ್ರಾಣಿ ಬದುಕಿ ಉಳಿಯುವುದು ಕಷ್ಟ. ಆದ್ದರಿಂದ ನೋಟದ ವ್ಯವಸ್ಥೆ ಆಕಾರವನ್ನು ಜತನವಾಗಿ ಇಟ್ಟುಕೊಂಡು, ಅದು ಯಾವ ಕಡೆಗೆ ತಿರುಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಮಗ್ಗುಲನ್ನು ಕಂಡರೆ ಸಾಕು, ಇನ್ನೊಂದು ಮಗ್ಗುಲು ಕಲಿತಂತೆಯೇ.

ಇದು ಬರೀ ಊಹೆಯಲ್ಲ. ರೋಲೆನ್‌ಹೇಗನ್ ಮತ್ತು ಓಲ್ಸನ್ ಎಂಬ ವಿಜ್ಞಾನಿಗಳು ಮಂಗಗಳ ಮಿದುಳಿನಲ್ಲಿ ಆಕಾರಗಳನ್ನು ಗುರುತಿಸುವ ಭಾಗದ ಒಂದೊಂದೇ ನರಕೋಶದ ವರ್ತನೆಯನ್ನು ಅಳೆದು, 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಆಕೃತಿಯನ್ನು ಎಡಬಲ ತಿರುಗಿಸಿ ತೋರಿಸಿದರೆ ಆ ಕೋಶಗಳ ಪ್ರತಿಕ್ರಿಯೆ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಮೇಲುಕೆಳಗು ತಿರುಗಿಸಿದರೆ ಅಷ್ಟು ಹೋಲುತ್ತಿರಲಿಲ್ಲ. ಯು.ಕೆ.ಜಿ. ಪುಸ್ತಕದಲ್ಲಿ ಕಾಣುವ ಒಂದೇ ದಿಕ್ಕಿನ ತಪ್ಪಿನ ಬೇರು ಮಂಗನ ನರಕೋಶದಲ್ಲೂ ಇದೆ.

ಹಾಗಾಗಿ ಮಗು ನೆಟ್ಟಗಿನ 3ನ್ನು ನೋಡಿದ ದಿನವೇ ತಿರುಗಿದ 3 ಕೂಡ ಅದರೊಳಗೆ ಬಂದು ಕೂತಿದೆ. ಒಗಟಿನ ಅರ್ಧ ಇಲ್ಲಿಗೆ ಬಿಡಿಸಿದಂತಾಯಿತು.

ಹಳೆಯ ಮನೆ, ಹೊಸ ಒಕ್ಕಲು

ಇನ್ನರ್ಧಕ್ಕೆ ಓದು ಎಂಬುದು ಮಿದುಳಿನಲ್ಲಿ ಎಲ್ಲಿ ನಡೆಯುತ್ತದೆ ಎಂದು ನೋಡಬೇಕು. ಲೋಕದಲ್ಲಿ ಬರವಣಿಗೆ ಹುಟ್ಟಿ ಸುಮಾರು 5000 ವರ್ಷವಾಗಿದೆ. ನಮ್ಮ ಹಲ್ಮಿಡಿ ಶಾಸನಕ್ಕೆ ಸುಮಾರು 1500 ವರ್ಷ. ಅಕ್ಷರಕ್ಕೆಂದೇ ಮಿದುಳಿನಲ್ಲಿ ಒಂದು ಹೊಸ ಅಂಗ ಬೆಳೆಯಲು ಈ ಕಾಲ ಏನೇನೂ ಸಾಲದು. ಅದೂ ಅಲ್ಲದೆ ತೀರಾ ಈಚಿನವರೆಗೆ ಬಹುಪಾಲು ಜನ ಓದಿದವರೇ ಅಲ್ಲ.

ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿದೆ. ಓದು ಕಲಿತ ಪ್ರತಿಯೊಬ್ಬರಲ್ಲೂ, ಲಿಪಿ ಯಾವುದೇ ಇರಲಿ, ಮಿದುಳಿನ ಎಡಭಾಗದಲ್ಲಿ, ಕಿವಿಯ ಹಿಂದೆ ತುಸು ಒಳಗೆ, ಹೆಚ್ಚುಕಡಿಮೆ ಒಂದೇ ಜಾಗ ಅಕ್ಷರಗಳಿಗೆ ಸ್ಪಂದಿಸುತ್ತದೆ. ಇದನ್ನು ಅಕ್ಷರನೆಲೆ ಎನ್ನಬಹುದು. ಓದು ಬಾರದವರಲ್ಲಿ ಇದೇ ಜಾಗ ಮುಖಗಳನ್ನೂ ವಸ್ತುಗಳನ್ನೂ ಗುರುತಿಸುವ ಕೆಲಸದಲ್ಲಿರುತ್ತದೆ. ಅಂದರೆ ಅಕ್ಷರ ಇಲ್ಲಿಗೆ ಬಾಡಿಗೆಗೆ ಬಂದ ಒಕ್ಕಲು. ಮನೆ ಕಟ್ಟಿದ್ದು ಬೇರೆಯವರಿಗಾಗಿ. ಅಡುಗೆಮನೆ ಎಲ್ಲಿರಬೇಕು, ಕಿಟಕಿ ಯಾವ ಕಡೆ ತೆರೆಯಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿದೆ. ಬಂದವರು ಹೊಂದಿಕೊಳ್ಳಬೇಕು, ಆಮೇಲೆ ಓನರ್ ಒಪ್ಪಿದಷ್ಟು ನಿಧಾನವಾಗಿ ಬದಲಾಯಿಸಿಕೊಳ್ಳಬೇಕು.

ಆ ಹಳೆಯ ಮನೆಯ ಏರ್ಪಾಡುಗಳಲ್ಲಿ ಒಂದು, ಎಡಬಲ ಒಂದೇ ಎಂಬುದು. ಹಸುವಿಗೂ ಲೋಟಕ್ಕೂ ಅಜ್ಜಿಯ ಮುಖಕ್ಕೂ ಅದು ಅನುಕೂಲವೇ. ಅಕ್ಷರಕ್ಕೆ ಮಾತ್ರ ತೊಡಕು. ಇಂಗ್ಲಿಷಿನ ಸಣ್ಣ ಬಿ ಅಕ್ಷರವನ್ನು ಎಡಬಲ ತಿರುಗಿಸಿದರೆ ಅದು ಡಿ. ಮಗು ಕಂಡ ಲೋಕದಲ್ಲಿ ಮೊಟ್ಟಮೊದಲ ಬಾರಿಗೆ ಒಂದು ವಸ್ತು ಮಗ್ಗುಲು ಬದಲಿಸಿದ್ದಕ್ಕೇ ಹೆಸರು ಬದಲಿಸಿದೆ. ಓದು ಕಲಿಯುವುದೆಂದರೆ ಹೊಸತನ್ನು ಕಲಿಯುವುದಷ್ಟೇ ಅಲ್ಲ. ಅಷ್ಟು ಕಾಲದಿಂದ ನಂಬಿಕೊಂಡು ಬಂದ ಒಂದು ಶಕ್ತಿಯನ್ನು ಅಕ್ಷರಗಳ ಮಟ್ಟಿಗೆ ಬಿಟ್ಟುಕೊಡುವುದೂ ಹೌದು. ಮಗುವಿನ ಕನ್ನಡಿಬರಹ ಇಲ್ಲದ್ದೇನೋ ಬಂದು ಸೇರಿಕೊಂಡ ದೋಷವಲ್ಲ, ಇದ್ದ ಶಕ್ತಿ ಇನ್ನೂ ಹೋಗಿಲ್ಲ ಎಂಬುದರ ಗುರುತು.

ಈ ಬಿಟ್ಟುಕೊಡುವಿಕೆಗೆ ಕಾರಣ ವಯಸ್ಸಲ್ಲ, ಓದು ಎಂಬುದಕ್ಕೂ ಪುರಾವೆಯಿದೆ. ಬ್ರೆಜಿಲ್ ಮತ್ತು ಪೋರ್ಚುಗಲ್‌ನಲ್ಲಿ ಶಾಲೆಗೆ ಹೋಗದ ವಯಸ್ಕರು, ದೊಡ್ಡವರಾದ ಮೇಲೆ ಅಕ್ಷರ ಕಲಿತವರು, ಚಿಕ್ಕಂದಿನಲ್ಲೇ ಶಾಲೆ ಕಂಡವರು, ಈ ಮೂರೂ ಬಗೆಯ ಜನರನ್ನು ಫೆಲಿಪೆ ಪೆಗಾಡೊ ಮತ್ತು ಸಂಗಡಿಗರು ಪರೀಕ್ಷಿಸಿದರು. ಓದುಬಾರದ ದೊಡ್ಡವರಿಗೂ ಕನ್ನಡಿಯಾಕೃತಿಗಳು ‘ಎರಡೂ ಒಂದೇ’ ಎನಿಸುತ್ತಿದ್ದವು. ದೊಡ್ಡವರಾಗಿ ಓದು ಕಲಿತವರಿಗೆ ಅವು ಬೇರೆಬೇರೆಯಾಗಿ ಕಂಡವು.

ಕೈ ತಿರುಗುವ ಕಡೆ

ಎರಡೂ 3 ಮಗುವಿಗೆ ಒಂದೇ ಆಗಿದ್ದರೆ ಅರ್ಧದಷ್ಟು ಅಂಕೆ ಅಕ್ಷರಗಳು ಅಡ್ಡಾದಿಡ್ಡಿ ತಿರುಗಬೇಕಿತ್ತು. ಹಾಗಾಗುವುದಿಲ್ಲ. ಇಂಗ್ಲಿಷಿನ ಸಿ, ಇ, ಎಲ್ ತಿರುಗುವುದು ಕಡಿಮೆ. ಜೆ, ಝಡ್, 2, 3, 7, 9 ಪದೇ ಪದೇ ತಿರುಗುತ್ತವೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಝಾನ್ ಪೋಲ್ ಫಿಷರ್ ಪುಟ್ಟ ಮಕ್ಕಳ ಬರಹವನ್ನು ವರ್ಷಗಟ್ಟಲೆ ನೋಡಿ ಇದರ ಕಾರಣ ಹಿಡಿದರು. ಇಂಗ್ಲಿಷ್, ಫ್ರೆಂಚ್ ಬರೆಯುವ ದೊಡ್ಡಕ್ಷರಗಳಲ್ಲಿ ಹೆಚ್ಚಿನವು ಬಲಕ್ಕೆ ಮುಖ ಮಾಡಿವೆ. ಬರವಣಿಗೆ ಸಾಗುವುದೂ ಬಲಕ್ಕೆ. ಇದನ್ನು ಯಾರೂ ಹೇಳಿಕೊಡದಿದ್ದರೂ ಮಗು ಗಮನಿಸುತ್ತದೆ. ಯಾವ ಕಡೆಗೆಂದು ನೆನಪಾಗದಿದ್ದಾಗ ‘ಬಲಕ್ಕೆ’ ಎಂದು ತೀರ್ಮಾನಿಸಿ ಬರೆಯುತ್ತದೆ. ಬಲಕ್ಕೆ ತಿರುಗಿದ ಅಕ್ಷರಗಳಲ್ಲಿ ಈ ಊಹೆ ಸರಿಹೋಗುತ್ತದೆ. ಎಡಕ್ಕೆ ತಿರುಗಿದ 3ರಲ್ಲಿ ಸಿಕ್ಕಿಬೀಳುತ್ತದೆ. ಈ ತಪ್ಪಿನೊಳಗೂ ಒಂದು ಲೆಕ್ಕಾಚಾರ ನಡೆದಿದೆ ಎಂಬುದನ್ನು ನೋಡಿದರೆ ಆ ಪುಟ್ಟ ತಲೆಯ ಮೇಲೆ ಪ್ರೀತಿ ಉಕ್ಕುತ್ತದೆ.

ಇಡೀ ಹೆಸರೇ ತಿರುಗುವುದಕ್ಕೆ ಕಾರಣ ಇನ್ನೂ ಸರಳ. ಹಾಳೆಯ ಬಲ ಅಂಚಿನಲ್ಲಿ ಒಂದು ಚುಕ್ಕೆಯಿಟ್ಟು ‘ಇಲ್ಲಿಂದ ಬರಿ’ ಎಂದರೆ, ಎಷ್ಟೋ ಮಕ್ಕಳು ಜಾಗ ಇರುವ ಕಡೆಗೆ, ಅಂದರೆ ಎಡಕ್ಕೆ, ಹೆಸರನ್ನು ಪೂರಾ ಕನ್ನಡಿಬರಹದಲ್ಲಿ ಬರೆದುಬಿಡುತ್ತಾರೆ. ಇಂಥ ಪ್ರಯೋಗ 1985ರಲ್ಲೇ ಪ್ರಕಟವಾಗಿದೆ. ನಿಮ್ಮ ಮನೆಯ ಐದು ವರ್ಷದ ಮಗುವಿನೊಂದಿಗೆ ಆಟವಾಗಿ ನೀವೂ ಮಾಡಿ ನೋಡಬಹುದು.

ಎಡಗೈ ಮಕ್ಕಳ ಬಗ್ಗೆ ಒಂದು ಮಾತು. ಲಿಯೊನಾರ್ಡೊ ಡ ವಿಂಚಿ ಎಡಗೈಯವನಾಗಿದ್ದ, ತನ್ನ ಟಿಪ್ಪಣಿಗಳನ್ನು ಕನ್ನಡಿಬರಹದಲ್ಲಿ ತುಂಬಿಸಿದ. ದೊಡ್ಡವರಲ್ಲಿ ಎಡಗೈಯವರಿಗೆ ಹೀಗೆ ಬರೆಯುವುದು ಸುಲಭ ಎಂಬುದು ನಿಜ. ಆದರೆ ಪುಟ್ಟ ಮಕ್ಕಳ ಕನ್ನಡಿಬರಹ ಬಲಗೈಯವರಲ್ಲೂ ಧಾರಾಳವಾಗಿ ಕಾಣುತ್ತದೆ. ಅದನ್ನು ನೆಪ ಮಾಡಿಕೊಂಡು ಎಡಗೈ ಮಗುವಿನ ಪೆನ್ಸಿಲನ್ನು ಬಲಗೈಗೆ ದಾಟಿಸುವುದು ಅನ್ಯಾಯ.

ಕನ್ನಡದ ಅಕ್ಷರ ಕೇಳುವುದೇ ಬೇರೆ

ಕನ್ನಡದ 49 ಅಕ್ಷರಗಳನ್ನು ಒಂದೊಂದಾಗಿ ಕನ್ನಡಿಗೆ ಹಿಡಿಯಿರಿ. ಯಾವ ಅಕ್ಷರದ ಪ್ರತಿಬಿಂಬವೂ ಇನ್ನೊಂದು ಅಕ್ಷರವಾಗುವುದಿಲ್ಲ. ತಿರುಗಿದ ‘ವ’ ವಿಚಿತ್ರವಾಗಿ ಕಾಣಬಹುದು, ಬೇರೆ ಅಕ್ಷರವಂತೂ ಅಲ್ಲ. ನಮ್ಮ ಲಿಪಿಯಲ್ಲಿ ಭೇದ ಇರುವುದು ಬೇರೆ ಕಡೆ: ‘ಬ’ಕ್ಕೂ ‘ಭ’ಕ್ಕೂ ನಡುವೆ ಒಂದು ಸೀಳು, ‘ದ’ ‘ಧ’ ‘ಥ’ಗಳಲ್ಲಿ ಒಂದು ಸೀಳು ಒಂದು ಚುಕ್ಕೆ, ‘ಪ’ ‘ಫ’ ‘ಷ’ಗಳಲ್ಲಿ ಒಂದು ಪುಟ್ಟ ಗೆರೆ. ಕನ್ನಡ ಕಲಿಯುವ ಮಗುವಿನ ಕಣ್ಣು ಅಕ್ಷರದ ಹೊಟ್ಟೆ ಮತ್ತು ಬುಡವನ್ನು ನೋಡುವುದರಲ್ಲಿ ಪಳಗಬೇಕು. ಅದು ಯಾವ ಕಡೆ ತಿರುಗಿದೆ ಎಂಬುದಕ್ಕೆ ಓದುವಾಗ ಅಷ್ಟು ಬೆಲೆಯಿಲ್ಲ.

ಇದರ ಪರಿಣಾಮ ಏನು ಎಂಬುದನ್ನು ನಮ್ಮ ನೆರೆಯ ತಮಿಳುನಾಡಿನ ಅಧ್ಯಯನವೊಂದು ತೋರಿಸಿತು. ತಮಿಳು ಲಿಪಿಯಲ್ಲೂ ಇಂಗ್ಲಿಷಿನ ಬಿ-ಡಿಯಂಥ ಕನ್ನಡಿಜೋಡಿಗಳಿಲ್ಲ. ಭಾಷಾವಿಜ್ಞಾನಿ ಎರಿಕ್ ಪೆಡರ್ಸನ್ ಅಕ್ಷರ ಬಾರದವರು, ತಮಿಳು ಮಾತ್ರ ಓದುವವರು, ತಮಿಳಿನ ಜೊತೆ ಇಂಗ್ಲಿಷ್ ಲಿಪಿಯನ್ನೂ ಓದುವವರು, ಇವರಿಗೆ ಆಕೃತಿಗಳನ್ನು ತೋರಿಸಿದರು. ಕನ್ನಡಿಯಾಕೃತಿಯನ್ನು ‘ಇದು ಬೇರೆ’ ಎಂದು ಪ್ರತ್ಯೇಕಿಸುವುದರಲ್ಲಿ ಮುಂದಿದ್ದವರು ಎರಡೂ ಲಿಪಿ ಬಲ್ಲವರು. ತಮಿಳು ಮಾತ್ರ ಓದುವವರು ಓದುಬಾರದವರಂತೆಯೇ ಉತ್ತರಿಸಿದರು. ಅವರ ಓದಿನಲ್ಲಿ ಕೊರತೆಯಿತ್ತೆಂದಲ್ಲ. ಲಿಪಿ ಕೇಳದ ಭೇದವನ್ನು ಮಿದುಳು ತಾನಾಗಿ ಕಲಿಯುವುದಿಲ್ಲ, ಅಷ್ಟೆ.

ಈಗ ಕುವೆಂಪುನಗರದ ಮಗುವಿನ ದಿನ ನೋಡಿ. ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್ ಮೀಡಿಯಂ, ಬಹಳ ಕಡೆ ಒಂದೆರಡು ವರ್ಷದಲ್ಲೇ ಹಿಂದಿಯೂ ಬರುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎಡಬಲವೇ ಎಲ್ಲ. ಕನ್ನಡ ಪೀರಿಯಡ್ಡಿನಲ್ಲಿ ಸೀಳು, ಚುಕ್ಕೆ, ದೀರ್ಘ, ಒತ್ತು. ನಾಲ್ಕು ವರ್ಷದ ಮಗು ಇವನ್ನೆಲ್ಲ ಒಟ್ಟಿಗೇ ನಿಭಾಯಿಸುತ್ತಿದೆ. ಬಿ-ಡಿಯಲ್ಲಿ ಅದು ಎಡವುವುದು ನನಗೆ ಆಶ್ಚರ್ಯವಲ್ಲ, ಎಷ್ಟು ಬೇಗ ಸರಿಮಾಡಿಕೊಳ್ಳುತ್ತದೆ ಎಂಬುದೇ ಆಶ್ಚರ್ಯ.

ಕನ್ನಡದಲ್ಲಿ ಕ್ರಮ ತಪ್ಪುವುದಕ್ಕೆ ಒಮ್ಮೊಮ್ಮೆ ಲಿಪಿಯೇ ಕಾರಣ. ‘ಸೂರ್ಯ’ ಎನ್ನುವಾಗ ‘ರ್’ ಮೊದಲು ಕೇಳುತ್ತದೆ, ‘ಯ’ ಆಮೇಲೆ. ಬರೆಯುವಾಗ ‘ಯ’ ಮೊದಲು, ಅರ್ಕಾವತ್ತು ಅದರ ಬಲಕ್ಕೆ. ಎರಡನೇ ಕ್ಲಾಸಿನ ಮಗು ಇಲ್ಲಿ ಹಿಂದುಮುಂದು ಮಾಡಿದರೆ ಅದು ಕಿವಿಗೆ ನಿಷ್ಠವಾಗಿದೆ ಎಂದರ್ಥ. ಕಾಗುಣಿತವೆಲ್ಲ ಸೇರಿದರೆ ಕನ್ನಡದ ಮಗು 400ಕ್ಕೂ ಹೆಚ್ಚು ಅಕ್ಷರರೂಪಗಳನ್ನು ಗುರುತಿಸಬೇಕು, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಅಧ್ಯಯನ ಪ್ರಕಟಿಸಿದ ಸೊನಾಲಿ ನಾಗ್, ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿದ್ದಾರೆ. ಇಂಗ್ಲಿಷಿನ 26 ಅಕ್ಷರ ಆರು ತಿಂಗಳಲ್ಲಿ ಬಂತು, ಕನ್ನಡ ಮಾತ್ರ ಹಿಂದೆ ಬಿತ್ತು ಎಂದು ಗಾಬರಿಯಾಗುವ ಅಪ್ಪ ಅಮ್ಮಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಡಿಸ್ಲೆಕ್ಸಿಯಾಕ್ಕೆ ಗಂಟು ಬಿದ್ದದ್ದು

ಉಲ್ಟಾ ಅಕ್ಷರಕ್ಕೂ ಓದಿನ ತೊಡಕಿಗೂ ಗಂಟು ಹಾಕಿದವರು ಅಮೆರಿಕದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್. ಅವರ ಲೇಖನ ಬಂದದ್ದು 1925ರಲ್ಲಿ. ಮಿದುಳಿನ ಎರಡು ಅರ್ಧಗಳಲ್ಲಿ ಅಕ್ಷರದ ಎರಡು ಚಿತ್ರಗಳಿರುತ್ತವೆ, ಒಂದು ನೆಟ್ಟಗೆ, ಇನ್ನೊಂದು ತಿರುಗಿ. ಒಂದು ಅರ್ಧ ಮೇಲುಗೈ ಪಡೆಯದಿದ್ದರೆ ಮಗುವಿಗೆ ಎರಡೂ ಕಲಸಿಹೋಗುತ್ತವೆ ಎಂದು ಅವರು ತರ್ಕಿಸಿದರು. ಓದಲಾರದ ಮಕ್ಕಳು ಮಂದಬುದ್ಧಿಯವರಲ್ಲ ಎಂದು ಗಟ್ಟಿಯಾಗಿ ಹೇಳಿದ ದೊಡ್ಡ ವೈದ್ಯ ಆತ. ಆದರೆ ಈ ವಿವರಣೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು 1971ರಲ್ಲಿ ಎಣಿಸಿ ನೋಡಿದಾಗ, ಓದಿನಲ್ಲಿ ಹಿಂದುಳಿದ ಮಕ್ಕಳ ತಪ್ಪುಗಳಲ್ಲಿ ತಿರುಗುಮುರುಗಿನ ಪಾಲು ಚಿಕ್ಕದಾಗಿತ್ತು. ಫ್ರಾಂಕ್ ವೆಲುಟಿನೊ ಅಂಥ ಮಕ್ಕಳಿಗೆ ಪರಿಚಯವೇ ಇಲ್ಲದ ಹೀಬ್ರೂ ಅಕ್ಷರಗಳನ್ನು ತೋರಿಸಿ, ನೆನಪಿನಿಂದ ಬರೆಯಲು ಹೇಳಿದರು. ಅವರು ಚೆನ್ನಾಗಿ ಓದುವ ಮಕ್ಕಳಷ್ಟೇ ಸರಿಯಾಗಿ ಬರೆದರು. ಕಣ್ಣು ಎಡಬಲವನ್ನು ಸರಿಯಾಗಿಯೇ ಹಿಡಿದಿತ್ತು.

ಅಂದರೆ ತೊಡಕು ಕಣ್ಣಿನ ಹಾದಿಯಲ್ಲಿ ಮುಖ್ಯವಾಗಿ ಇಲ್ಲ. ಮಾತಿನ ದನಿಗಳನ್ನು ಬಿಡಿಸಿ, ಒಂದೊಂದನ್ನು ಒಂದೊಂದು ಗುರುತಿಗೆ ಜೋಡಿಸುವ ಕಡೆ ಇದೆ. ಡಿಸ್ಲೆಕ್ಸಿಯಾ ಇರುವ ಮಗುವೂ ಬಿ-ಡಿ ಅದಲುಬದಲು ಮಾಡುತ್ತದೆ, ಉಳಿದವರಿಗಿಂತ ಹೆಚ್ಚು ಕಾಲ ಮಾಡುತ್ತದೆ. ಅಕ್ಷರ ದನಿಗೆ ಗಟ್ಟಿಯಾಗಿ ಅಂಟದೇ ಇದ್ದರೆ, ಅದು ಯಾವ ಕಡೆಗೆ ಎಂಬ ಭೇದವೂ ನಿಲ್ಲಲು ತಡವಾಗುತ್ತದೆ. ಉಲ್ಟಾ ಅಕ್ಷರ ಅಲ್ಲಿ ಫಲ, ಬೀಜವಲ್ಲ.

ಯಾವಾಗ ಯೋಚಿಸಬೇಕು

ಮೂರರಿಂದ ಏಳು ವರ್ಷದೊಳಗಿನ ಕನ್ನಡಿಬರಹ ಸಹಜ. ಓದು ಚುರುಕಾದಂತೆ ಅದು ತಾನಾಗಿ ಇಳಿಯುತ್ತದೆ, ಎರಡನೇ ಕ್ಲಾಸು ಮುಗಿಯುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಅಪರೂಪವಾಗುತ್ತದೆ. ಆಮೇಲೂ ದಣಿದಾಗ, ಆತುರದಲ್ಲಿ ಒಂದೊಂದು ಬಂದರೆ ಚಿಂತೆಯಿಲ್ಲ. ಎಂಟು ವರ್ಷ ದಾಟಿದ ಮೇಲೂ ದಿನವೂ ಬರುತ್ತಿದ್ದರೆ, ಅದರ ಜೊತೆಗೆ ಓದೂ ಕುಂಟುತ್ತಿದ್ದರೆ, ತಜ್ಞರಿಗೆ ತೋರಿಸಬೇಕು.

ಆದರೆ ಎಂಟರವರೆಗೆ ಕಣ್ಣುಮುಚ್ಚಿ ಕಾಯಿರಿ ಎಂದು ನಾನು ಹೇಳುತ್ತಿಲ್ಲ. ಪುಸ್ತಕಕ್ಕಿಂತ ಮೊದಲು ಮಗುವಿನ ಮಾತಿಗೆ ಕಿವಿಗೊಡಿ ಎನ್ನುತ್ತಿದ್ದೇನೆ. ಮಾತು ಬರುವುದೇ ತಡವಾಗಿತ್ತೇ? ಶಿಶುಗೀತೆಯ ಪ್ರಾಸ ಅದಕ್ಕೆ ಹಿಡಿಯುತ್ತದೆಯೇ? ಆರು ವರ್ಷದ ಮಗುವಿಗೆ ಅಂತ್ಯಾಕ್ಷರಿ ಆಡಲು ಬರುತ್ತದೆಯೇ? ‘ಚಪಾತಿ’ಯಲ್ಲಿ ‘ಚ’ ತೆಗೆದರೆ ಏನುಳಿಯುತ್ತದೆ ಎಂದರೆ ಹೇಳುತ್ತದೆಯೇ? ಕಲಿಸಿದ ಅಕ್ಷರಗಳ ಹೆಸರು ವಾರ ಕಳೆದರೂ ನಿಲ್ಲುವುದಿಲ್ಲವೇ? ಮೂರನೇ ಕ್ಲಾಸಿನಲ್ಲೂ ಗುಣಿತಾಕ್ಷರಗಳನ್ನು ಬಿಡಿಬಿಡಿಯಾಗಿ ಓದಿ, ಪದ ಕೂಡಿಸುವಷ್ಟರಲ್ಲಿ ಮೊದಲಕ್ಷರ ಮರೆತುಹೋಗುತ್ತದೆಯೇ? ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಓದು ಇದೇ ರೀತಿ ಕಾಡಿತ್ತೇ? ತಿರುಗಿದ 3ಕ್ಕಿಂತ ಇವು ಎಷ್ಟೋ ಪಾಲು ಮುಖ್ಯವಾದ ಸೂಚನೆಗಳು. ಮೊದಲು ಸರಿಯಾಗಿ ಬರುತ್ತಿದ್ದ ಮಾತು ಅಥವಾ ಬರಹ ಯಾವ ವಯಸ್ಸಿನಲ್ಲೇ ಆಗಲಿ ಏಕಾಏಕಿ ಕೆಟ್ಟರೆ, ಅದು ಕಲಿಕೆಯ ವಿಷಯವಲ್ಲ, ತಡಮಾಡದೆ ಡಾಕ್ಟರ ಬಳಿ ಹೋಗಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇದೆ. ಉಲ್ಟಾ ಬರೆದದ್ದನ್ನು ಐವತ್ತು ಸಲ ಬರೆಸಬೇಡಿ. ಬಿ ಮತ್ತು ಡಿಯನ್ನು ಒಂದೇ ದಿನ ಅಕ್ಕಪಕ್ಕ ಕೂರಿಸಿ ಕಲಿಸಬೇಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಕೈಯನ್ನು ಬಳಸಿ. ಐದು ವರ್ಷದ ಮಕ್ಕಳು ಅಕ್ಷರವನ್ನು ಕೈಯಾರೆ ಬರೆದು ಕಲಿತಾಗ ಅಕ್ಷರನೆಲೆ ಸ್ಪಂದಿಸುತ್ತದೆ, ಕೀ ಒತ್ತಿ ಕಲಿತಾಗ ಹಾಗಾಗುವುದಿಲ್ಲ ಎಂದು ಅಮೆರಿಕದ ಕೆರಿನ್ ಜೇಮ್ಸ್ 2012ರಲ್ಲಿ ತೋರಿಸಿದರು. ಎಡಬಲವನ್ನು ಕಣ್ಣು ಕಡೆಗಣಿಸಿದರೂ ಕೈ ಕಡೆಗಣಿಸಲಾರದು. 3ನ್ನೂ ತಿರುಗಿದ 3ನ್ನೂ ಬರೆಯಲು ಬೆರಳು ಬೇರೆಬೇರೆ ದಾರಿ ಹಿಡಿಯಬೇಕು. ಆ ದಾರಿಯ ನೆನಪು ಕಣ್ಣಿಗೆ ಆಸರೆಯಾಗುತ್ತದೆ. ವಿಜಯದಶಮಿಯ ಅಕ್ಷರಾಭ್ಯಾಸದಲ್ಲಿ ಅಕ್ಕಿಯ ಮೇಲೆ ಬೆರಳಲ್ಲಿ ತಿದ್ದಿಸುತ್ತೇವಲ್ಲ, ಅದನ್ನು ಒಂದು ದಿನಕ್ಕೆ ನಿಲ್ಲಿಸದೆ ರವೆಯಲ್ಲಿ, ಮರಳಿನಲ್ಲಿ, ದೊಡ್ಡದಾಗಿ, ಬಾಯಲ್ಲಿ ದನಿ ಹೇಳಿಸುತ್ತಾ ಮುಂದುವರಿಸಿ. ಬ್ರೆಜಿಲ್‌ನ ನತಾಲ್ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಹೀಗೆ ಕೈ, ಕಿವಿ, ಬಾಯಿ ಸೇರಿಸಿ ಕನ್ನಡಿಜೋಡಿಗಳನ್ನು ಅಭ್ಯಾಸ ಮಾಡಿಸಿ, ಆಮೇಲೆ ಮಧ್ಯಾಹ್ನದ ನಿದ್ದೆ ಮಾಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿದ್ದೆಯೂ ಸಿಕ್ಕ ಮಕ್ಕಳಲ್ಲಿ ಕಲಿತದ್ದು ತಿಂಗಳುಗಳ ಕಾಲ ಉಳಿಯಿತು, ಓದಿನ ವೇಗ ಇಮ್ಮಡಿಯಾಯಿತು. ಶಾಲೆಯಿಂದ ಬಂದ ಮಗುವನ್ನು ನೇರ ಟ್ಯೂಷನ್‌ಗೆ ಕಳಿಸುವ ಮೊದಲು ಇದನ್ನು ನೆನೆಯಬೇಕು.

ತೋರಿಸಬೇಕು ಎಂದಾದಾಗ ಮೈಸೂರಿನವರು ಅದೃಷ್ಟವಂತರು. 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕುವೆಂಪುನಗರಕ್ಕೆ ಹತ್ತಿರದಲ್ಲೇ, ಮಾನಸಗಂಗೋತ್ರಿಯಲ್ಲಿದೆ. ಊರಿನ ಜನ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದು ಕರೆಯುವ ಜಾಗ ಅದೇ. ಕನ್ನಡದ ಮಗುವನ್ನು ಇಂಗ್ಲಿಷ್ ಪರೀಕ್ಷೆಯಲ್ಲಷ್ಟೇ ಅಳೆಯುವುದು ಸರಿಯಲ್ಲ. ಅದಕ್ಕಾಗಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ 2015ರಲ್ಲಿ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾವೂ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. 2018ರ ಕೇಂದ್ರದ ಮಾರ್ಗಸೂಚಿ, ಇದರ ಸರ್ಟಿಫಿಕೇಟ್ ಕೊಡುವುದು ಎಂಟು ವರ್ಷ ತುಂಬಿದ ಮೇಲೆ ಎಂದಿತ್ತು. ಅದಕ್ಕಿಂತ ಮೊದಲು ಹೋದರೆ ಸರ್ಟಿಫಿಕೇಟ್ ಸಿಗದೆ ಇರಬಹುದು, ಆದರೆ ದನಿ ಬಿಡಿಸುವ, ಅಕ್ಷರ ಕೂಡಿಸುವ ತರಬೇತಿಗೆ ವಯಸ್ಸಿನ ತಡೆಯಿಲ್ಲ. ಹೋಗುವಾಗ ಈ ವರ್ಷದ್ದರ ಜೊತೆ ಹೋದ ವರ್ಷದ ಕನ್ನಡ, ಇಂಗ್ಲಿಷ್ ಪುಸ್ತಕಗಳನ್ನೂ ತೆಗೆದುಕೊಂಡು ಹೋಗಿ. ಕಿವಿ ಪರೀಕ್ಷೆ, ಕಣ್ಣಿನ ಪರೀಕ್ಷೆ ಎರಡನ್ನೂ ಮಾಡಿಸಿ. ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ ಎಂದು ಮಗುವಿಗೆ ಮನೆಯಲ್ಲೇ ಬಿಡಿಸಿ ಹೇಳಿ, ತಪ್ಪು ಮಾಡಿದ್ದಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಅದು ಅಂದುಕೊಳ್ಳಬಾರದು.